ಸಾಲಿ ಕನ್ನಡದ ಬೈಗುಳ

ಕಾಶಿರಾಮ ಪುಸ್ತಕ ಹಿಡಿದದ್ದು ಸಿಟ್ಟಿನಿಂದ. ಆ ಸಿಟ್ಟು ಹುಟ್ಟಿದ್ದು ಹುಮನಾಬಾದಿನಲ್ಲಿ, ಅವನ ಷಡ್ಡಕ ನಾಗನಾಥನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ, ಹೋಳಿಗೆಯ ಪಂಕ್ತಿಯಲ್ಲಿ.

ನಾಗನಾಥ ಹೈಸ್ಕೂಲು ಮಾಸ್ತರ. ಬಹಳ ಓದುತ್ತಿದ್ದ. ಓದಿ ಸುಮ್ಮನಿದ್ದಿದ್ದರೆ ಕಾಶಿರಾಮ ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಓದಿದ್ದನ್ನೆಲ್ಲ ಬೆಳಗಾಗುವುದರೊಳಗೆ ಮನೆತನದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ಎಮ್ಮೆ ಹಿಂಡಲು ಎದ್ದ ಮನುಷ್ಯ ಫೋನು ನೋಡಿದರೆ ಅದರಲ್ಲಿ ನಾಗನಾಥನ ಜ್ಞಾನ. ಆ ವರ್ಷ ಅವನು ಗೆಳೆಯರನ್ನು ಕಟ್ಟಿಕೊಂಡು ‘ಓದಿನ ಸವಾಲು’ ಎಂಬ ಹೊಸದೊಂದನ್ನು ಶುರು ಮಾಡಿದ್ದ. ನಾಗರ ಪಂಚಮಿಯಿಂದ ದೀಪಾವಳಿಯೊಳಗೆ ಹನ್ನೆರಡು ಪುಸ್ತಕ ಓದಬೇಕು. ಎಲ್ಲವೂ ಜನಪದ ಕತೆಗಳು, ಇಲ್ಲವೇ ಮಾಯೆ ಮಂತ್ರ ರಾಕ್ಷಸರ ಅದ್ಭುತ ಕತೆಗಳು. ಒಂದೊಂದು ಮುಗಿದಾಗ ಗುಂಪಿನಲ್ಲಿ ಅದರ ಬಗ್ಗೆ ನಾಲ್ಕು ಮಾತು ಹೇಳಬೇಕು. ಮುಗಿಸಿದವರಿಗೆ ಶಾಲು, ಪ್ರಮಾಣಪತ್ರ, ಗುಂಪಿನಲ್ಲಿ ಫೋಟೋ.

“ಕಾಶಿರಾಮಣ್ಣಾ, ನೀವೂ ಸೇರ್ರಿ,” ಎಂದ ನಾಗನಾಥ ತುಪ್ಪ ಬಡಿಸುತ್ತಾ. ಅಲ್ಲಿಗೆ ನಿಲ್ಲಿಸಬಹುದಿತ್ತು. “ಛೇ, ನಿಮಗೆಲ್ಲಿ ಆಗ್ತದ ಬಿಡ್ರಿ. ಯೂರಿಯಾ ಚೀಲದ ಮ್ಯಾಲ ಬರೆದದ್ದು ಬಿಟ್ಟು ನೀವು ಬ್ಯಾರೇನು ಓದೀರಿ?”

ಪಂಕ್ತಿ ಪೂರಾ ನಕ್ಕಿತು. ಬಡಿಸುವವರು ನಕ್ಕರು. ಎದುರಿನ ಸಾಲಿನಲ್ಲಿ ಕೂತ ಅವನ ಹೆಂಡತಿ ಗಯಾಬಾಯಿ ಎಲ್ಲರಿಗಿಂತ ಎರಡು ಉಸಿರು ಹೆಚ್ಚೇ ನಕ್ಕಳು.

“ಯೂರಿಯಾ ಚೀಲ ಓದಿದಾವ ಉಳಿದದ್ದೂ ಓದ್ತಾನ!” ಎಂದು ಕಾಶಿರಾಮ ಧಡಕ್ಕನೆ ಎದ್ದು ನಿಂತ. “ಕೊಡ್ರಿ ಪುಸ್ತಕ! ಈಗಿಂದೀಗ ಕೊಡ್ರಿ!”

ಪಂಕ್ತಿಯಿಂದ ಎದ್ದವನು ಮತ್ತೆ ಕೂರುವಂತಿಲ್ಲ ಎಂಬುದು ಎದ್ದ ಮೇಲೆ ನೆನಪಾಯಿತು. ಒಂದೂವರೆ ಹೋಳಿಗೆ ಎಲೆಯಲ್ಲಿಯೇ ಉಳಿಯಿತು. ಆ ಸಿಟ್ಟನ್ನೂ ನಾಗನಾಥನ ತಲೆಗೇ ಕಟ್ಟಿದ.

ನಾಗನಾಥ ಕಪಾಟಿನಿಂದ ಇಟ್ಟಿಗೆಯಷ್ಟು ದಪ್ಪದ ಜನಪದ ಕತೆಗಳ ಪುಸ್ತಕ ತಂದು ಕೈಗಿಟ್ಟ. “ಇದು ನಿನ್ನೆನೇ ವಾಪಸ್ ಬಂದದ. ಚಿಟಗುಪ್ಪಿ ಕಡಿ ಒಬ್ಬಾಕಿ ಹುಡುಗಿ ಎರಡು ದಿನದಾಗ ಮುಗಿಸಿ ಕೊಟ್ಟಾಳ. ನಿಮಗ ದೀಪಾವಳಿ ತನಕ ಇದೊಂದೇ ಸಾಕಾಗ್ತದ.”

ಇದಕ್ಕೆ ತಕ್ಕ ಉತ್ತರ ಕಾಶಿರಾಮನಿಗೆ ಹೊಳೆದದ್ದು ಬಸ್ಸು ಹುಮನಾಬಾದ್ ದಾಟಿದ ಮೇಲೆ. ಅದನ್ನು ಗಯಾಬಾಯಿಗೆ ಹೇಳಿದ. ಅವಳು ಕಿಟಕಿಯ ಕಡೆ ತಿರುಗಿ ಮತ್ತೆ ನಕ್ಕಳು.

ಬಸವಕಲ್ಯಾಣದಿಂದ ಹುಲಸೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ ಕಾಶಿರಾಮನ ಓಣಿ. ಮನೆಯ ಎಡಕ್ಕೆ ವಜೀರಬಿಯ ಮನೆ, ಬಲಕ್ಕೆ ಶೇವಂತಾಬಾಯಿಯ ಮನೆ. ನಡುವೆ ಎದೆಮಟ್ಟದ ಗೋಡೆ. ಕಾಶಿರಾಮ ಹತ್ತನೇ ಇಯತ್ತೆಯಲ್ಲಿ ಶಾಲೆ ಬಿಟ್ಟವನು. ಅವನ ಕಾಲದ ಮಾಸ್ತರರು ಬಾಯಿ ಅಲ್ಲಾಡದಿದ್ದರೆ ಬೆತ್ತ ಎತ್ತುತ್ತಿದ್ದರು. ಹಾಗಾಗಿ ಅವನಿಗೆ ಗಟ್ಟಿಯಾಗಿ ಓದಿದರೆ ಮಾತ್ರ ಅಕ್ಷರಗಳು ಕಾಣಿಸುತ್ತಿದ್ದವು. ಬಾಯಿ ಮುಚ್ಚಿದರೆ ಸಾಲು ಕಲಸಿಹೋಗುತ್ತಿತ್ತು. ಗಟ್ಟಿ ಎಂದರೆ ಸಾಧಾರಣ ಗಟ್ಟಿಯಲ್ಲ. ಹೊಲದ ಈ ಬದುವಿನಿಂದ ಆ ಬದುವಿನ ಎತ್ತಿಗೆ ಕೇಳುವಂಥದ್ದು.

ಐವತ್ತು ದಾಟಿದ ಗಂಡಸು ಮಾತಾಡುವ ಗಿಳಿಯ ಕತೆ ಓದುತ್ತಾನೆಂದು ಓಣಿಗೆ ತಿಳಿದರೆ ಮೀಸೆ ಇಟ್ಟುಕೊಂಡು ಏನು ಮಾಡುವುದು? ಅದಕ್ಕೆ ಅವನು ಪುಸ್ತಕಕ್ಕೆ ಹಳೆಯ ಪೇಪರಿನ ಹೊದಿಕೆ ಹಾಕಿದ.

“ಅದೇನು ಹಿಡ್ಕೊಂಡು ತಿರಗಾಕತ್ತಿ ಕಾಶಿರಾಮ್?” ಎಂದು ವಜೀರಬಿ ಕೇಳಿದಳು.

“ಸವಾಲ್ ಹಾಕ್ಯಾರ ಚಾಚಿ. ಓದಾಕತ್ತೀನಿ.”

“ಸವಾಲ್ ಕೇಳ್ಯಾರಂದ್ರ ಜವಾಬ್ ಕೊಟ್ಟು ಬಿಡು. ಇಷ್ಟು ದಪ್ಪ ಪುಸ್ತಕ ಯಾಕ ಬೇಕು?”

“ಗ್ರಂಥ ಅದ ಇದು! ಕಾನೂನು, ಧರಮ, ಎಲ್ಲಾ ಅದ ಇದರಾಗ!” ಎಂದು ಕಾಶಿರಾಮ ಗುಡುಗಿದ. ಗೋಡೆಯ ಆಚೆ ಜೋಳ ಹಸನು ಮಾಡುತ್ತಿದ್ದ ಶೇವಂತಾಬಾಯಿಗೂ ಅದು ಕೇಳಿಸಿತು. ಕಾಶಿರಾಮ ಕಾನೂನು ಓದುತ್ತಿದ್ದಾನೆ ಎಂದು ಸಂಜೆಯೊಳಗೆ ಓಣಿಯೆಲ್ಲ ಮಾತಾಯಿತು. ಗೋಡೆಯ ತಕರಾರು ತೆಗೆಯುತ್ತಾನೇನೋ ಎಂದು ಶೇವಂತಾಬಾಯಿಗೆ ಒಳಗೊಳಗೇ ಅನುಮಾನ ಬಂತು.

ದಿನಾ ಹೊಲಕ್ಕೆ ಹೋಗಿ ತೊಗರಿಯ ನಡುವೆ ನಿಂತು ಓದುತ್ತಿದ್ದ. ಆ ಭಾನುವಾರ ಮಾತ್ರ ಮಳೆ ಬಿದ್ದು ಹೊಲದಲ್ಲಿ ಕಾಲಿಡುವ ಹಾಗಿರಲಿಲ್ಲ. ಗಯಾಬಾಯಿ ಸಂತೆಗೆ ಹೋಗಿದ್ದಳು. ಕಾಶಿರಾಮ ಹಿತ್ತಲಲ್ಲಿ, ಶೇವಂತಾಬಾಯಿಯ ಗೋಡೆಗೆ ಒತ್ತಿ ಹಗ್ಗದ ಹೊರಸು ಹಾಕಿ ಕೂತು, ಹೊಸ ಕತೆ ತೆಗೆದ.

ಗೋಡೆಯ ಆಚೆ ಅದೇ ಹೊತ್ತಿಗೆ ಏನು ನಡೆದಿತ್ತು ಎಂಬುದು ಅವನಿಗೆ ಆಮೇಲೆ ಹತ್ತು ಬಾಯಿಂದ ತಿಳಿಯಿತು. ಶೇವಂತಾಬಾಯಿ ವಿಧವೆ. ಇದ್ದೊಬ್ಬ ಮಗ ಸತೀಶಕುಮಾರ ಹುಮನಾಬಾದಿನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದ. ಅವನಿಗೆ ಚಿಟಗುಪ್ಪದಿಂದ ಸಂಬಂಧ ಬಂದಿತ್ತು. ಹುಡುಗಿಯ ಅಪ್ಪ, ಅಜ್ಜಿ ಧೂಳಮ್ಮ ಮನೆ ನೋಡಲು ಬಂದಿದ್ದರು. ಯಾರಾದರೂ ಕಣ್ಣು ಹಾಕಿಯಾರೆಂದು ಶೇವಂತಾಬಾಯಿ ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಚಹಾ, ಚೂಡಾ ಮುಗಿದಿತ್ತು. ಮುಂದಿನ ತಿಂಗಳೇ ಮದುವೆ ಎನ್ನುವವರೆಗೆ ಮಾತು ಬಂದಿತ್ತು. ಶೇವಂತಾಬಾಯಿ ಕೈ ಜೋಡಿಸಿ, “ನಿಮ್ಮ ಹುಡುಗಿಗಿ ನಾ ಮಗಳ ಹಾಂಗ ನೋಡ್ಕೋತೀನ್ರಿ,” ಎಂದಳು.

ಗೋಡೆಯ ಆಚೆಯಿಂದ ಆಕಾಶ ಹರಿಯುವ ದನಿಯೊಂದು ಎದ್ದಿತು:

“‘ಮಗಳಂತೆ ನೋಡಿಕೊಳ್ಳುವೆ’ ಎಂದು ಹೇಳಿಯೇ ಆ ಪಾಪಿ ಮುದುಕಿ ಮೂವರು ಸೊಸೆಯರನ್ನು ತಿಂದಳು!”

ಒಳಗೆ ಎಲ್ಲರೂ ಕಲ್ಲಾದರು.

“ಹಗಲಿನಲ್ಲಿ ಅವಳು ಬಡ ವಿಧವೆ! ಇರುಳಾದರೆ ಕೋರೆಹಲ್ಲಿನ ರಾಕ್ಷಸಿ! ಅಂಗಳದಲ್ಲಿ ಕುದಿಯುತ್ತಿರುವ ಆ ಹಂಡೆಯನ್ನು ನೋಡಿ! ಮೂರನೆಯ ಸೊಸೆ ಬೆಂದದ್ದು ಅದರಲ್ಲಿಯೇ!”

ಧೂಳಮ್ಮ ಮೆಲ್ಲಗೆ ಅಂಗಳದ ಕಡೆ ತಿರುಗಿದಳು. ಅಂಗಳದಲ್ಲಿ ಸ್ನಾನದ ನೀರಿನ ಹಂಡೆ ಕೊತಕೊತ ಕುದಿಯುತ್ತಿತ್ತು.

“ಓಡಿ! ಹೆಣ್ಣು ಹೆತ್ತವರೇ, ಓಡಿ!” ಎಂದು ದನಿ ಕೂಗಿತು.

ಹೆಣ್ಣು ಹೆತ್ತವರು ಓಡಿದರು. ಧೂಳಮ್ಮನ ಒಂದು ಚಪ್ಪಲಿ ಅಲ್ಲಿಯೇ ಉಳಿಯಿತು.

ಕಾಶಿರಾಮ ಪುಟ ತಿರುವಲು ಬೆರಳಿಗೆ ಉಗುಳು ಹಚ್ಚುತ್ತಿದ್ದಾಗ ಗೋಡೆಯ ಮೇಲೆ ಶೇವಂತಾಬಾಯಿಯ ತಲೆ ಮೂಡಿತು. ಕೈಯಲ್ಲಿ ಆ ಚಪ್ಪಲಿ ಇತ್ತು.

“ನಿನ್ನ ಬಾಯಾಗ ಮಣ್ಣ ಬೀಳ್ಲಿ ಕಾಶಿರಾಮ! ನಿನ್ನ ನಾಲಿಗಿ ಸೇದಿ ಹೋಗ್ಲಿ! ನಾ ಯಾವ ಸೊಸೀಗಿ ತಿಂದೀನೋ? ನನಗ ಸೊಸೀನೇ ಬಂದಿಲ್ಲಲ್ಲೋ ಇನ್ನ!”

ಕಾಶಿರಾಮನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಸಿಟ್ಟು ಬರಲು ಅವನಿಗೆ ತಿಳಿಯಲೇಬೇಕು ಎಂದೇನೂ ಇರಲಿಲ್ಲ. “ಏನು ಒದರಾಕತ್ತೀರಿ ವೈನಿ? ನಾ ನನ್ನ ಮನ್ಯಾಗ ಓದಾಕತ್ತೀನಿ!”

“ಓದಾಕತ್ತಿ? ಕಾನೂನು ಓದ್ತೀನಿ ಅಂದಿದ್ದಿ. ಕಾನೂನಿನಾಗ ರಾಕ್ಷಸಿ ಎಲ್ಲಿಂದ ಬಂದಳು?”

“ಕಾನೂನಲ್ಲ ಇದು… ಇದು ಕತಿ ಅದ!”

“ನೋಡ್ರಪ್ಪೋ ನೋಡ್ರಿ! ಮೀಸಿ ಬೆಳ್ಳಗಾದಾವ ಕತಿ ಓದಾಕತ್ತಾನಂತ!”

ಓಣಿ ಕೂಡಿತು. ಬಂದ ಸಂಬಂಧ ಮುರಿದ ಸುದ್ದಿ ಕೇಳಿ ಹೆಂಗಸರು ಗಲ್ಲದ ಮೇಲೆ ಕೈ ಇಟ್ಟುಕೊಂಡರು. ಕಾಶಿರಾಮ ಪುಸ್ತಕವನ್ನು ಎತ್ತಿ ಎತ್ತಿ ತೋರಿಸಿದ. ಹೊದಿಕೆ ಹಾಕಿದ್ದರಿಂದ ಯಾರಿಗೂ ಹೆಸರು ಕಾಣಲಿಲ್ಲ. ಹೊದಿಕೆ ಹರಿದ. “ಬೇಕಂತೇ ಹೊದಿಕಿ ಹಾಕಿ ಮುಚ್ಚಿದ್ದ,” ಎಂದರು.

“ವೈನಿ, ಸ್ವಲ್ಪ ವಿಚಾರ ಮಾಡ್ರಿ,” ಎಂದ ಕಾಶಿರಾಮ, ಹಲ್ಲು ಕಚ್ಚಿಕೊಂಡು. “ನಾ ಎಂದಾದ್ರೂ ‘ತಿಂದಳು’ ಅಂತ ಮಾತಾಡೀನೇನು? ‘ನೋಡಿಕೊಳ್ಳುವೆ’ ಅಂದೀನೇನು ಹುಟ್ಟಿದಾಗಿಂದ? ನಿಮಗ ಬೈಯೋದಿದ್ರ ‘ತಿಂದಾಳ’ ಅಂತಿದ್ದೆ!”

ಇದು ಸರಿಯಾದ ಮಾತು ಎಂದು ನಾಲ್ಕು ಜನ ತಲೆಯಾಡಿಸಿದರು. ಶೇವಂತಾಬಾಯಿ ಕಣ್ಣು ಕಿರಿದು ಮಾಡಿದಳು.

“ಹೊರಗಿನೂರಿನ ಮಂದಿಗಿ ಬರಾಬರ್ ತಿಳೀಲಿ ಅಂತ ಮಾಸ್ತರ್ ಕಲಿಸೋ ಸಾಲಿ ಕನ್ನಡದಾಗ ಬೈದಿ!”

ಇದು ಇನ್ನೂ ಸರಿಯಾದ ಮಾತು ಎಂದು ಅದೇ ನಾಲ್ಕು ಜನ ತಲೆಯಾಡಿಸಿದರು.

ವಜೀರಬಿಯ ಮೊಮ್ಮಗಳು ಸುಮೇರಾ ಕಾಲೇಜಿಗೆ ಹೋಗುತ್ತಿದ್ದಳು. ಅವಳನ್ನು ಕರೆಸಿ ಪುಸ್ತಕ ಕೊಟ್ಟರು. ಅವಳು ಓದಿ, “ಖರೆ ಅದ ಅಜ್ಜಿ. ಕಾಕಾ ಅಂದದ್ದೆಲ್ಲಾ ಇದರಾಗ ಅದ. ಹಂಡೆನೂ ಅದ,” ಎಂದಳು. ಕಾಶಿರಾಮ ಎದೆಯುಬ್ಬಿಸಿ ನಿಂತ. ಪುಸ್ತಕದಲ್ಲಿ ಇದ್ದದ್ದು ಪುಸ್ತಕದಲ್ಲಿದೆ, ಇನ್ನೇನು ಬೇಕು?

“ಇಷ್ಟು ದಪ್ಪ ಪುಸ್ತಕದಾಗ ಬ್ಯಾರೆ ಕತಿ ಇರಲಿಲ್ಲೇನು?” ಎಂದಳು ಶೇವಂತಾಬಾಯಿ. “ಬೀಗರು ಬಂದು ಕುಂತ ಹೊತ್ತಿಗೇ, ನನ್ನ ಗ್ವಾಡಿಗೇ ಕುಂತು, ಇದೇ ಕತಿ ಯಾಕ ಓದಿದಿ? ಹೇಳು!”

ಕಾಶಿರಾಮ ಹೊರಸನ್ನು ಒದ್ದ. ಕಾಲಿಗೆ ಪೆಟ್ಟಾಯಿತು. ಸಂತೆಯಿಂದ ಬಂದ ಗಯಾಬಾಯಿ ಬಾಗಿಲಲ್ಲಿ ಕೂಡಿದ ಜನರನ್ನು ನೋಡಿ, ಯಾರೋ ಸತ್ತರೆಂದುಕೊಂಡು ಚೀಲ ಕೆಳಗಿಟ್ಟು ಅಳಲು ಶುರು ಮಾಡಿದಳು. ನಿಜ ತಿಳಿದ ಮೇಲೆ ಅಳು ನಿಲ್ಲಿಸಿ ಗಂಡನ ಮೇಲೆ ಏರಿಹೋದಳು. ಕಡೆಗೆ ವಜೀರಬಿಯೇ ದಾರಿ ತೋರಿಸಿದಳು: “ಪುಸ್ತಕ ತಗೊಂಡು ಚಿಟಗುಪ್ಪಿಗಿ ಹೋಗು. ಅವರಿಗಿ ತೋರ್ಸು. ನಿನ್ನ ಬಾಯಿಂದ ಮುರಿದದ್ದು ನೀನೇ ಜೋಡಿಸಿ ಬಾ.”

ಮರುದಿನ ಕಾಶಿರಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ಹುಮನಾಬಾದಿನಲ್ಲಿ ಬಸ್ಸು ಬದಲಿಸುವಾಗ ನಾಗನಾಥ ಸಿಕ್ಕ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. “ಜೊತಿಗಿ ಬರ್ರಿ. ಇದು ಓದಿನ ಸವಾಲು ಅಂತ ಒಂದು ಮಾತು ಹೇಳ್ರಿ ಸಾಕು,” ಎಂದ ಕಾಶಿರಾಮ.

ನಾಗನಾಥ ಆ ಕಡೆ ಈ ಕಡೆ ನೋಡಿದ. “ನಮ್ಮ ಬಳಗದ ಹೆಸರು ಇದರಾಗ ತರಬ್ಯಾಡ್ರಿ ಅಣ್ಣಾ. ಮತ್ತ… ಮೊದಲನೇ ಪುಸ್ತಕದ ಬಗ್ಗೆ ನೀವಿನ್ನ ನಾಲ್ಕು ಮಾತು ಕಳಿಸಿಲ್ಲ.”

ಕಾಶಿರಾಮ ಅಲ್ಲಿಯೇ ನಾಲ್ಕಲ್ಲ, ಹದಿನಾಲ್ಕು ಮಾತು ಹೇಳಿದ. ಬಸ್ ಸ್ಟ್ಯಾಂಡಿನ ಮಂದಿ ತಿರುಗಿ ನೋಡಿದರು. ಅವುಗಳಲ್ಲಿ ಒಂದೂ ಗುಂಪಿಗೆ ಹಾಕುವಂಥದ್ದಾಗಿರಲಿಲ್ಲ.

ಚಿಟಗುಪ್ಪದಲ್ಲಿ ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಕೂತ ಧೂಳಮ್ಮ ಊರ ಹೆಂಗಸರಿಗೆ ಹಂಡೆಯ ಕತೆ ಹೇಳುತ್ತಿದ್ದಳು. ಅವಳ ಕತೆಯಲ್ಲಿ ಹಂಡೆಯಿಂದ ಒಂದು ಬಳೆಗೈ ಹೊರಗೆ ಚಾಚಿತ್ತು. ಕಾಶಿರಾಮ ಕೈ ಮುಗಿದು, ಅದು ಕತೆ, ಪುಸ್ತಕದ ಕತೆ, ಶೇವಂತಾಬಾಯಿ ದೇವರಂಥ ಹೆಂಗಸು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಶೇವಂತಾಬಾಯಿಯನ್ನು ದೇವರು ಎನ್ನುವುದು ಅವನಿಗೆ ಸುಲಭವಿರಲಿಲ್ಲ, ಆದರೂ ಹೇಳಿದ.

ಹುಡುಗಿಯ ಅಪ್ಪ ಸಮಾಧಾನದ ಮನುಷ್ಯ. ಪುಸ್ತಕ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದ. “ನಂದು ಮರಾಠಿ ಸಾಲ್ಯಾಗ ಆಗ್ಯಾದ್ರಿ. ಕನ್ನಡ ಮಾತು ಬರ್ತದ, ಅಕ್ಷರ ಬರಂಗಿಲ್ಲ. ನಮ್ಮ ಸಪ್ನಾ ಬಿ.ಎಡ್. ಓದಾಕತ್ತಾಳ. ಆಕಿ ನೋಡಿ ಹೇಳ್ತಾಳ ನಿಲ್ರಿ.”

ಸಂಬಂಧದ ಮಾತು ನಡೆದಿದ್ದ ಸಪ್ನಾ ಒಳಗಿನಿಂದ ಬಂದಳು. ಪುಸ್ತಕ ನೋಡಿದ ಕೂಡಲೇ ಅವಳ ಮುಖ ಒಂದು ತರಹ ಆಯಿತು. ಕೂತಳು. ಸಾವಕಾಶವಾಗಿ ಪುಟ ತಿರುವಿದಳು. ಹಿಂದಿನಿಂದ ಮುಂದಕ್ಕೆ ಬಂದಳು. ಕಾಶಿರಾಮ ಮುಗುಳ್ನಗುತ್ತಾ ಕಾದ. ಎರಡು ದಿನದಲ್ಲಿ ಅವನ ಮುಖದ ಮೇಲೆ ನಗು ಮೂಡಿದ್ದು ಆಗಲೇ.

“ಇಲ್ಲ ಅಪ್ಪಾ,” ಎಂದಳು ಸಪ್ನಾ. “ಇದರಾಗ ಅಂಥ ಕತಿ ಇಲ್ಲ.”

“ಇಲ್ಲ?” ಎಂದ ಕಾಶಿರಾಮ.

“ಇಲ್ರಿ. ಗಿಳಿ ಕತಿ ಅದ, ಏಳು ಹೆಡಿ ಸರ್ಪದ ಕತಿ ಅದ. ಸೊಸಿ ತಿನ್ನೋ ಮುದುಕಿ ಇಲ್ರಿ.”

ಕಾಶಿರಾಮನ ಕಿವಿಯಿಂದ ಹೊಗೆ ಬಂದಂತಾಯಿತು. ಪುಸ್ತಕ ಕಸಿದುಕೊಂಡ. ಪುಟ ಸಿಕ್ಕಿತು. ಬೆರಳಿಟ್ಟು ತೋರಿಸಿದ. ಅಪ್ಪ ನೋಡಿದ, ಅವನಿಗೆ ಎಲ್ಲ ಪುಟವೂ ಒಂದೇ. ಬೇರೆ ದಾರಿ ಕಾಣದೆ ಕಾಶಿರಾಮ ಅಂಗಳದ ನಡುವೆ ನಿಂತು ಓದತೊಡಗಿದ: “‘ಮಗಳಂತೆ ನೋಡಿಕೊಳ್ಳುವೆ’ ಎಂದು ಹೇಳಿಯೇ ಆ ಪಾಪಿ ಮುದುಕಿ…”

“ಅದೇ ದನಿ! ಅದೇ ಮಾತು!” ಎಂದು ಧೂಳಮ್ಮ ಚೀರಿದಳು. “ಇಲ್ಲಿ ತನಕ ಬಂದು ಹೇಳಾಕತ್ತಾನಂದ್ರ ಖರೇನೇ ಅದ! ಆಕಿ ತಿಂದಿದ್ದು ಇವ ಕಣ್ಣಿಲೆ ನೋಡ್ಯಾನ!”

“ಓದಾಕತ್ತೀನ್ರೀ ಯವ್ವಾ, ನಾ ಓದಾಕತ್ತೀನಿ!”

“ಪಾಪ, ಹೆದರ್ಯಾನ. ಬಾಯಿಂದ ಖರೆ ಬೀಳ್ತದ, ಆಮ್ಯಾಲ ಓದಾಕತ್ತೀನಿ ಅಂತಾನ.”

ಹುಡುಗಿಯ ಅಪ್ಪ ಅವನ ಭುಜ ಹಿಡಿದು, ತಿಳಿಸಿದ್ದು ದೊಡ್ಡ ಉಪಕಾರ ಆಯಿತು ಎಂದು ಹೇಳಿ, ಬಹಳ ಮರ್ಯಾದೆಯಿಂದ ಬಾಗಿಲಾಚೆ ಬಿಟ್ಟ. ಬೈದು ಓಡಿಸಿದ್ದರೆ ಕಾಶಿರಾಮ ತಡೆದುಕೊಳ್ಳುತ್ತಿದ್ದ. ಉಪಕಾರ ಆಯಿತು ಎಂದಿದ್ದು ಕರುಳಿಗೆ ನಾಟಿತು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವನು ಪುಸ್ತಕವನ್ನು ನೋಡುತ್ತಾ ಬೈಯುತ್ತಿದ್ದಾಗ ಸಪ್ನಾ ಓಡುತ್ತಾ ಬಂದಳು. ಅವನು ಜಗಲಿಯಲ್ಲಿ ಮರೆತಿದ್ದ ಟವೆಲ್ ಅವಳ ಕೈಯಲ್ಲಿತ್ತು.

“ಕಾಕಾ, ಮಾಫ್ ಮಾಡ್ರಿ. ಆ ಕತಿ ಅದ ಅದರಾಗ. ಪಂಚಮ್ಯಾಗೇ ನಾ ಓದೀನಿ. ಹುಮನಾಬಾದದ ಸವಾಲಿಗಿ ನಾನೂ ಸೇರೀನಿ. ಅಜ್ಜಿ ಬಂದು ಹಂಡೆ, ಮೂರು ಸೊಸಿ ಅಂದಾಗೇ ನನಗ ಗೊತ್ತಾಯ್ತು.”

ಎರಡು ದಿನದಲ್ಲಿ ಪುಸ್ತಕ ಮುಗಿಸಿದ ಚಿಟಗುಪ್ಪದ ಹುಡುಗಿ ಇವಳೇ! ಕಾಶಿರಾಮ ಎದ್ದು ನಿಂತ. “ಗೊತ್ತಿದ್ದೂ ಇಲ್ಲ ಅಂದಿ! ನಾಕು ಮಂದಿಯಾಗ ನನ್ನ ಇಜ್ಜತ್ ತೆಗೆದಿ! ಯಾಕ? ನಿಂದೇನು ತಿಂದೀನಿ ನಾ?”

“ಬರೋ ಬ್ಯಾಸಗ್ಯಾಗ ನನ್ನ ಕಡೀ ಪರೀಕ್ಷಾ ಅದ. ಮುಂದಿನ ತಿಂಗಳು ಮದಿವಿ ಅಂದ್ರ ಓದು ಅಲ್ಲಿಗೇ ನಿಂತ್ಹಾಂಗ. ಅಜ್ಜಿ ಕಣ್ಣು ಮುಚ್ಚೋದ್ರಾಗ ನನ್ನ ಮದಿವಿ ನೋಡ್ಬೇಕು ಅಂತಾಳ. ಐದು ವರ್ಷಾತು ಅನ್ನಾಕತ್ತು. ಕಣ್ಣೂ ಮುಚ್ಚಂಗಿಲ್ಲ, ಬಾಯಿನೂ ಮುಚ್ಚಂಗಿಲ್ಲ. ಅಪ್ಪ ಆಕಿ ಮಾತು ಮೀರಂಗಿಲ್ಲ. ಅಷ್ಟೊತ್ತಿಗಿ ನೀವು ಗ್ವಾಡಿ ಆಚಿಂದ ಓದಿದ್ರಿ.” ಅವಳ ಕಣ್ಣಲ್ಲಿ ನೀರು ಬಂದಿತ್ತು. “ಪರೀಕ್ಷಾ ಮುಗಿದ ದಿನ ನಾನೇ ಮನ್ಯಾಗ ಖರೆ ಹೇಳ್ತೀನಿ ಕಾಕಾ. ಅಲ್ಲಿ ತನಕ…”

“ಅಲ್ಲಿ ತನಕ ನಾ ಊರಾಗ ಹೊಲಸು ಬಾಯಿ ಮನುಷ್ಯ ಆಗಿ ಇರ್ಬೇಕು?”

“ಹೌದ್ರಿ,” ಎಂದಳು ಸಪ್ನಾ, ಮೆಲ್ಲಗೆ.

ಬಸ್ಸು ಬಂತು. ಕಾಶಿರಾಮ ಟವೆಲ್ ಕಸಿದುಕೊಂಡು ಹತ್ತಿದ. ಒಂದು ಕಾಲು ಮೇಲಿಟ್ಟು ತಿರುಗಿದ. “ನಾ ಏನೂ ಕಬೂಲ್ ಮಾಡಿಲ್ಲ!” ಎಂದು ಕಿರುಚಿದ. ಸೀಟು ಹಿಡಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಫೇಲಾದ್ಯೋ, ನಿಮ್ಮ ಮನಿ ಮುಂದ ನಿಂತು ಪೂರಾ ಪುಸ್ತಕ ಓದ್ತೀನಿ, ನೆಪ್ಪಿಟ್ಕೋ!”

ದಾರಿಯುದ್ದಕ್ಕೂ ಅವನು ಊರಿಗೆ ಹೋದ ಕೂಡಲೇ ಎಲ್ಲವನ್ನೂ ಹೇಳಿಬಿಡಬೇಕೆಂದು ನಿರ್ಧರಿಸಿದ್ದ. ಓಣಿಯ ಬಾಯಲ್ಲಿ ಇಳಿದಾಗ ಅಲ್ಲಿ ಎಲ್ಲರೂ ಕಾಯುತ್ತಿದ್ದರು. ಶೇವಂತಾಬಾಯಿ ಮುಂದಿದ್ದಳು. ಪಕ್ಕದಲ್ಲಿ ಸುಮೇರಾ.

“ಕೆಲಸ ಆಯ್ತೇನು? ಆಗದಿದ್ರ ಹೇಳು. ನಾಳಿ ಈ ಹುಡುಗಿಗಿ ಕರ್ಕೊಂಡು ನಾನೇ ಹೋಗ್ತೀನಿ. ಆಕಿ ಓದಿ ಹೇಳ್ತಾಳ, ಅವರು ನಂಬ್ತಾರ.”

ಸುಮೇರಾ ತಲೆಯಾಡಿಸಿದಳು. ಅವಳಾದರೂ ಆ ಅಪ್ಪನ ಮುಂದೆ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿ ನಂಬಿಸಿಬಿಡುವಳು. ಮುಂದಿನ ತಿಂಗಳು ಮದುವೆ ಆಗಿಬಿಡುವುದು. ಕಾಶಿರಾಮ ಒಮ್ಮೆ ಸುಮೇರಾಳನ್ನು ನೋಡಿದ, ಒಮ್ಮೆ ಶೇವಂತಾಬಾಯಿಯನ್ನು ನೋಡಿದ. ಅವನಿಗೆ ಇಬ್ಬರ ಮೇಲೂ ಸಿಟ್ಟು ಬಂತು. ಚಿಟಗುಪ್ಪದ ಮೂರನೆಯವಳ ಮೇಲಂತೂ ಹೇಳಲಾಗದಷ್ಟು ಬಂತು. ಆ ಸಿಟ್ಟಿನಲ್ಲಿಯೇ ಅವನು ಬಾಯಿ ತೆರೆದ.

“ಯಾರೂ ಹೋಗೋದು ಬ್ಯಾಡ! ಬೀಗರು ಬಂದದ್ದು ನನಗ ಗೊತ್ತಿತ್ತು. ಬೇಕಂತೇ ಗಟ್ಟಿ ಓದೀನಿ! ಇವತ್ತು ಹೋಗಿ ಮತ್ತೊಮ್ಮೆ ಅದನ್ನೇ ಹೇಳಿ ಬಂದೀನಿ! ಈಗ ನೀವು ಹೋದ್ರ ಬಾಗಿಲಾಗೂ ನಿಂದ್ರಗೊಡಂಗಿಲ್ಲ ಅವರು! ಏನು ಮಾಡ್ತೀರಿ ಮಾಡ್ರಿ!”



“ನಾ ಅಂದಿದ್ದೆ!” ಎಂದಳು ಶೇವಂತಾಬಾಯಿ. ಅವಳ ಮುಖದಲ್ಲಿ ದುಃಖಕ್ಕಿಂತ ಮೊದಲು ಬಂದದ್ದು ಗೆದ್ದ ಕಳೆ. “ನಾ ಮೊದಲೇ ಅಂದಿದ್ದೆ, ಸಾಲಿ ಕನ್ನಡದಾಗ ಬೈದಾನ ಅಂತ!” ಆಮೇಲೆ ಅತ್ತಳು. ಆಮೇಲೆ ಬೈದಳು. ಆ ದಿನ ಶುರುವಾದ ಬೈಗುಳ ಸೋಯಾ ರಾಶಿಯಾದರೂ ನಿಲ್ಲಲಿಲ್ಲ, ತೊಗರಿ ಕೊಯ್ದರೂ ನಿಲ್ಲಲಿಲ್ಲ. ಬೆಳಿಗ್ಗೆ ಅಂಗಳ ಗುಡಿಸುವಾಗ ಒಂದು ಸುತ್ತು, ಸಂಜೆ ದೀಪ ಹಚ್ಚಿದಾಗ ಒಂದು ಸುತ್ತು. ಮಗ ಸತೀಶಕುಮಾರ ಊರಿಗೆ ಬಂದಾಗ ಅವನೂ ತಾಯಿಯ ಪಕ್ಕ ನಿಂತು ಗೋಡೆಯ ಮೇಲಿಂದ ಕಾಶಿರಾಮನನ್ನು ಕಣ್ಣು ಕೆಕ್ಕರಿಸಿ ನೋಡುತ್ತಿದ್ದ.

ಗಯಾಬಾಯಿ ಗಂಡನಿಗೆ ಊಟ ಬಡಿಸುವುದನ್ನು ಬಿಡಲಿಲ್ಲ, ಮಾತು ಬಿಟ್ಟಳು. “ಅವರು ಓದಾಕತ್ತ್ಯಾರ ಅಂತ ಊರಾಗ ನಾ ಸಾಕ್ಷಿ ಹೇಳಿದ್ದೆ. ನನ್ನ ಬಾಯಿನೂ ಝೂಟ ಮಾಡಿದ್ರಿ,” ಎಂದದ್ದೇ ಕಡೆಯ ಮಾತು. ಅವಳಿಗೊಂದು ಹೇಳಿಬಿಡೋಣವೆಂದು ಕಾಶಿರಾಮನಿಗೆ ನಾಲಿಗೆಯ ತುದಿಗೆ ಬರುತ್ತಿತ್ತು. ಆದರೆ ಗಯಾಬಾಯಿಗೆ ಹೇಳಿದ್ದು ವಜೀರಬಿಗೆ ಹೇಳಿದಂತೆ, ವಜೀರಬಿಗೆ ಹೇಳಿದ್ದು ಹುಲಸೂರಿನ ತನಕ ಹೇಳಿದಂತೆ. ನುಂಗಿಕೊಂಡ. ನಾಗನಾಥ ಅವನನ್ನು ಸವಾಲಿನ ಗುಂಪಿನಿಂದ ತೆಗೆದು, ಜನಪದ ಸಾಹಿತ್ಯವನ್ನು ನೆರೆಹೊರೆಯ ದ್ವೇಷಕ್ಕೆ ಬಳಸುವುದು ತಪ್ಪು ಎಂದು ಮನೆತನದ ಗುಂಪಿಗೆ ಉದ್ದನೆಯದೊಂದು ಬರೆದು ಹಾಕಿದ. ಮನೆತನದವರು ಅದಕ್ಕೆ ಹೆಬ್ಬೆರಳು ಒತ್ತಿದರು. ಗಯಾಬಾಯಿಯೂ ಒತ್ತಿದಳು.

ಪುಸ್ತಕವನ್ನಂತೂ ಕಾಶಿರಾಮ ವಾಪಸು ಕೊಡಲಿಲ್ಲ; ಅದಕ್ಕಾಗಿ ಇಷ್ಟು ಬೈಸಿಕೊಂಡವನು ಪೂರ್ತಿ ಓದದೆ ಬಿಡುವುದುಂಟೇ? ಹೊಲದ ನಡುವೆ ನಿಂತು ಓದುತ್ತಲೇ ಇದ್ದ. ಒಂದು ದಿನ ಅವನು ಬೋರ್‌ವೆಲ್ಲಿನ ಹತ್ತಿರ ಕೈ ಎತ್ತಿ, “ಏಳು ಹೆಡೆಯ ಸರ್ಪರಾಜನೇ, ಹೊರಗೆ ಬಾ!” ಎಂದು ಕೂಗಿದ್ದನ್ನು ದಾರಿಹೋಕರು ಕೇಳಿದರು. ಆ ವಾರದಿಂದ ಜನ ಅವನ ಹೊಲ ಬಿಟ್ಟು ಸುತ್ತುಹಾಕಿ ಹೋಗತೊಡಗಿದರು.

ಬೇಸಿಗೆ ಬಂತು. ಪರೀಕ್ಷೆ ಮುಗಿಯಿತು. ಒಂದು ಮಧ್ಯಾಹ್ನ ಚಿಟಗುಪ್ಪದಿಂದ ಒಂದು ಜೀಪು ಬಂದು ಶೇವಂತಾಬಾಯಿಯ ಬಾಗಿಲಿಗೆ ನಿಂತಿತು. ಅದರಿಂದ ಸಪ್ನಾ, ಅವಳ ಅಪ್ಪ, ಧೂಳಮ್ಮ ಇಳಿದರು. ಅವರ ಹಿಂದೆ ಸತೀಶಕುಮಾರ ಇಳಿದ. ಒಂದೇ ಜೀಪಿನಿಂದ! ಒಳಗೆ ಬಹಳ ಹೊತ್ತು ಮಾತು ನಡೆಯಿತು. ಮೊದಲು ಶೇವಂತಾಬಾಯಿಯ ದನಿ ಏರಿತು. ಆಮೇಲೆ ಧೂಳಮ್ಮನ ದನಿ. ಕಡೆಗೆ ಸಕ್ಕರೆ ಹಂಚಿದರು.

ಸಂಜೆ ಸತೀಶಕುಮಾರ ಗೋಡೆಯ ಹತ್ತಿರ ಬಂದು ಕೈ ಮುಗಿದ. “ಕಾಕಾ, ತಪ್ಪು ತಿಳ್ಕೋಬ್ಯಾಡ್ರಿ. ಸಪ್ನಾ ಆವಾಗೇ ನನಗ ಫೋನ್ ಮಾಡಿ ಎಲ್ಲಾ ಹೇಳಿದ್ಳು. ಓದಿ ಮುಗಿಸ್ಲಿ ಅಂತ ನಾನೂ ಸುಮ್ಮಾಗಿದ್ದೆ.”

“ನಿನಗ ಮೊದಲೇ ಗೊತ್ತಿತ್ತು?” ಎಂದ ಕಾಶಿರಾಮ.

“ಹೌದ್ರಿ.”

“ಗೊತ್ತಿದ್ದೂ ಗ್ವಾಡಿ ಮ್ಯಾಲಿಂದ ಆ ನಮೂನಿ ಕಣ್ಣು ಕಿಸೀತಿದ್ದಿ?”

“ಅವ್ವನ ಮುಂದ ನೋಡ್ಲೇಬೇಕಾಗಿತ್ತಲ್ರಿ.”

ಕಾಶಿರಾಮ ಕೈಗೆ ಸಿಕ್ಕ ಚೊಂಬು ಎತ್ತಿದ. ಸತೀಶಕುಮಾರ ಆಗಲೇ ಒಳಗೆ ಓಡಿಹೋಗಿದ್ದ. ಹತ್ತು ತಿಂಗಳು ಇಡೀ ಓಣಿಯಲ್ಲಿ ಗುಟ್ಟು ಕಾಯುತ್ತಿರುವವನು ತಾನೊಬ್ಬನೇ ಎಂದುಕೊಂಡು ಕಾಶಿರಾಮ ಹಲ್ಲು ಸವೆಸಿಕೊಂಡಿದ್ದ.

ಮರುದಿನ ಬೆಳಿಗ್ಗೆ ಶೇವಂತಾಬಾಯಿ ಗೋಡೆ ಬಿಟ್ಟು ಬಾಗಿಲಿನಿಂದಲೇ ಅವನ ಮನೆಗೆ ಬಂದಳು. ಕೈಯಲ್ಲಿ ಸಕ್ಕರೆಯ ಬಟ್ಟಲಿತ್ತು, ಕಣ್ಣಲ್ಲಿ ಬೆಂಕಿ ಇತ್ತು. ಗಯಾಬಾಯಿ ನಾಚಿಕೊಂಡು ಸಕ್ಕರೆ ಬಾಯಿಗೆ ಹಾಕಿಕೊಂಡಳು. ನಿನ್ನೆಯಿಂದ ಅವಳು ಗಂಡನಿಗೆ ಎರಡೆರಡು ಸಲ ಚಹಾ ಕೊಟ್ಟಿದ್ದಳು.

“ಮದಿವಿಗಿ ಬರ್ಬೇಕು,” ಎಂದಳು ಶೇವಂತಾಬಾಯಿ ಕಾಶಿರಾಮನಿಗೆ, ಜಗಳಕ್ಕೆ ಕರೆಯುವ ದನಿಯಲ್ಲಿ. “ಪೂರಾ ವರ್ಷ! ಪೂರಾ ವರ್ಷ ಬೈದೀನಿ ನಾ ನಿನಗ! ಹಬ್ಬ ಅನ್ನಲಿಲ್ಲ, ಹುಣ್ಣಿವಿ ಅನ್ನಲಿಲ್ಲ. ಜ್ವರ ಬಂದಾಗೂ ಎದ್ದು ಬಂದು ಬೈದು ಹೋಗೀನಿ. ಈಗ ನೋಡಿದ್ರ ಒಂದೂ ಖರೆ ಅಲ್ಲ! ಎಲ್ಲಾ ದಂಡ! ಏನು ಮಾಡ್ಲಿ ನಾ ಈಗ?”

“ಹೋಗ್ಲಿ ಬಿಡ್ರಿ ವೈನಿ,” ಎಂದ ಕಾಶಿರಾಮ. ಒಂದು ಗಳಿಗೆ ಅವನಿಗೂ ಅವಳ ಮೇಲೆ ಕನಿಕರ ಬಂದಿತ್ತು.

“ಹ್ಯಾಂಗ ಬಿಡ್ಲಿ? ನನ್ನ ಮನಿ ಮಾತು, ನನ್ನ ಮಗನ ಮದಿವಿ, ನನಗೇ ಹೇಳದ ಹತ್ತು ತಿಂಗಳು ಹೊಟ್ಟ್ಯಾಗ ಇಟ್ಕೊಂಡಿ ನೀ! ನನಗ ಮಂಗ್ಯಾ ಮಾಡಿ ಕುಣಿಸಿದ್ರಿ ಎಲ್ಲಾರೂ ಕೂಡಿ!” ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮುಖ ನಿಧಾನಕ್ಕೆ ಕಳೆಗಟ್ಟಿತು. “ಹಿಂದಿಂದು ಹೋಗ್ಲಿ, ಅದು ಝೂಟ. ಇದು ಖರೆ ಅದಲ್ಲ? ಇದಕ್ಕ ಬೈಬಹುದಲ್ಲ?”

ಕಾಶಿರಾಮ ಉತ್ತರ ಕೊಡುವ ಮೊದಲೇ ಅವಳು ಶುರು ಮಾಡಿದ್ದಳು. ಗಯಾಬಾಯಿ ಒಳಗಿನಿಂದ ಮಣೆ ತಂದು, ಕೂತು ಬೈಯಲಿ ಎಂದು ಅವಳಿಗೆ ಹಾಕಿಕೊಟ್ಟಳು.